ಕಿಲೋ ಲೆಕ್ಕದ ಪಾನಾ, ಗಾಜಿನ ಕಪಾಟಿನ ಪಾನಾ

ಭೋಸರಿ ಎಂಐಡಿಸಿಯಲ್ಲಿ ನಮ್ಮ ಮನೆಯವರು ಮೂವತ್ತು ವರ್ಷಗಳಿಂದ ಹೋಗುತ್ತಿರುವ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಹೆಸರು ಬೇಡ. ಮೊದಲೆಲ್ಲ ಆ ಅಂಗಡಿಯ ಬಾಗಿಲಲ್ಲೇ ಎರಡು ಗೋಣಿಚೀಲ ಬಾಯಿ ತೆರೆದು ಕೂತಿರುತ್ತಿದ್ದವು. ಒಂದರಲ್ಲಿ ನಟ್ಟು ಬೋಲ್ಟು, ಇನ್ನೊಂದರಲ್ಲಿ ಜಾಲಂಧರದ ಕಡೆಯಿಂದ ಬಂದ ಪಾನಾಗಳು. ಎರಡೂ ತೂಕದ ಲೆಕ್ಕ. ಎಣ್ಣೆ ಮೆತ್ತಿದ ಪಾನಾಗಳನ್ನು ತಕ್ಕಡಿಗೆ ಸುರಿದು, ಕಾಗದದಲ್ಲಿ ಸುತ್ತಿ, ಸುತಳಿ ಕಟ್ಟಿ ಕೊಡುತ್ತಿದ್ದರು. ಈಗ ಅಲ್ಲಿ ಗೋಣಿಚೀಲಗಳಿಲ್ಲ. ಗಾಜಿನ ಬಾಗಿಲು, ಏಸಿ, ಒಳಗೆ ಬಿಳಿ ಎಲ್‌ಇಡಿ ಬೆಳಕಿನ ಕಪಾಟು. ಕಪಾಟಿನಲ್ಲಿ ಕಪ್ಪು ಫೋಮಿನ ಗುಂಡಿಗಳೊಳಗೆ ಮಲಗಿಸಿದ ಜರ್ಮನಿ, ತೈವಾನ್, ಜಪಾನಿನ ಸೆಟ್ಟುಗಳು. ಒಂದು ಸಾಕೆಟ್ ಸೆಟ್ಟಿನ ಮೇಲೆ 18,500 ಎಂಬ ಚೀಟಿ ಇತ್ತು. ನನ್ನ ಜೊತೆ ಬಂದಿದ್ದ ಅಪ್ಪ ಅದನ್ನು ಎರಡು ಸಲ ಓದಿಕೊಂಡರು. ಸೊನ್ನೆ ಒಂದು ಹೆಚ್ಚಾಗಿ ಬಿದ್ದಿದೆಯೇನೋ ಎನ್ನುವ ಹಾಗೆ.

ಸೇಟ್‌ಜೀಯವರನ್ನು ಕೇಳಿದೆ, ಯಾಕೆ ಹೀಗೆ ಅಂತ. ಅವರು ಮುಚ್ಚುಮರೆ ಮಾಡುವವರಲ್ಲ. ಅಗ್ಗದ ಪಾನಾದಲ್ಲಿ ಈಗ ಉಳಿಯುವುದೇನೂ ಇಲ್ಲ. ಗಿರಾಕಿ ಅಂಗಡಿಯಲ್ಲಿ ನಿಂತು, ನನ್ನ ಕೈಯಿಂದ ಮಾಲು ತೆಗೆಸಿ, ಮುಟ್ಟಿ ನೋಡಿ, ನನ್ನೆದುರೇ ಮೊಬೈಲ್ ತೆಗೆದು ಆನ್‌ಲೈನ್ ರೇಟು ತೋರಿಸುತ್ತಾನೆ. ಐವತ್ತು ರೂಪಾಯಿ ಕಡಿಮೆಗೆ ಅವನ ಮನೆಬಾಗಿಲಿಗೇ ಬರುತ್ತದೆ. ನಾನು ಬಾಡಿಗೆ ಕಟ್ಟುವುದು ಎಲ್ಲಿಂದ? ದುಬಾರಿ ಮಾಲಿಗೆ ಹಾಗಲ್ಲ. ಕೊಳ್ಳುವವನಿಗೆ ಅಸಲಿಯೋ ನಕಲಿಯೋ ಎಂಬ ಹೆದರಿಕೆ ಇರುತ್ತದೆ, ಅದಕ್ಕೇ ಅಂಗಡಿಗೆ ಬರುತ್ತಾನೆ. ಇಷ್ಟು ಹೇಳಿ ನಕ್ಕು, "ಮತ್ತೆ ನಿಮ್ಮಂಥವರೂ ಬರ್ತೀರಲ್ಲ, ಹಿಂಜವಡಿಯವರು" ಅಂದರು. ಶನಿವಾರ ಭಾನುವಾರ ತಮ್ಮ ದೊಡ್ಡ ಬೈಕು, ಗೇರ್ ಸೈಕಲ್ಲು ತಾವೇ ಬಿಚ್ಚಿ ಜೋಡಿಸುವ ಐಟಿ ಹುಡುಗರೇ ಆ ಗಾಜಿನ ಕಪಾಟಿನ ಮುಖ್ಯ ಗಿರಾಕಿಗಳಂತೆ. ಉಳಿದದ್ದು ಕಂಪನಿಗಳ ಪರ್ಚೇಸ್ ವಿಭಾಗ. ಪಾನಾ ಹಿಡಿದು ಹೊಟ್ಟೆ ಹೊರೆಯುವವರು ಎಲ್ಲಿ ಕೊಳ್ಳುತ್ತಾರೆ ಎಂದರೆ, ರಸ್ತೆಯ ಆಚೆ ಬದಿಯ ಫುಟ್‌ಪಾತ್ ಕಡೆ ಕೈ ತೋರಿಸಿದರು.

ಪಾನಾ ಎಂದರೆ ಬೆಂಗಳೂರಿನ ಕಡೆಯ ಓದುಗರಿಗೆ ಗೊತ್ತಾಗಲಿಕ್ಕಿಲ್ಲ. ಸ್ಪ್ಯಾನರ್. ಇಲ್ಲಿ ಮರಾಠಿಯಲ್ಲೂ ಪಾನಾ, ನಮ್ಮ ವಿಜಯಪುರದ ಕಡೆಯೂ ಪಾನಾ. ಇಕ್ಕಳಕ್ಕೆ ಪಕ್ಕಡ, ಅರಕ್ಕೆ ಕಾನಸು, ಉಳಿಗೆ ಛನ್ನಿ, ಸಾಕೆಟ್ಟಿಗೆ ಗೋಟಿ. ಊರು ಬಿಟ್ಟು ಬಂದವರಿಗೆ ಹೊಸ ಭಾಷೆ ಕಲಿಯುವ ಕಷ್ಟ ವರ್ಕ್‌ಶಾಪಿನೊಳಗೆ ಅಷ್ಟಾಗಿ ಇರಲಿಲ್ಲ ಎಂದು ಅಪ್ಪ ಹೇಳುತ್ತಾರೆ. ಅರ್ಧ ಮಾತು ಊರಿಂದಲೇ ಕಟ್ಟಿಕೊಂಡು ಬಂದಿದ್ದರು.

ಅಪ್ಪ ಇಂಡಿ ತಾಲ್ಲೂಕಿನಿಂದ ಸೊಲ್ಲಾಪುರದ ಮೇಲೆ ಪುಣೆಗೆ ಬಂದದ್ದು 1982ರಲ್ಲಿ. ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಯಾದ ವರ್ಷವೂ ಅದೇ. ಅಷ್ಟು ಹೊತ್ತಿಗೆ ಇಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್, ಆಕುರ್ಡಿಯ ಬಜಾಜ್, ಪಿಂಪ್ರಿಯ ಟೆಲ್ಕೋ ಎಲ್ಲ ಬೇರುಬಿಟ್ಟಿದ್ದವು. ಆ ದೊಡ್ಡ ಕಾರ್ಖಾನೆಗಳಿಗೆ ಚಿಕ್ಕಚಿಕ್ಕ ಬಿಡಿಭಾಗ ಮಾಡಿಕೊಡುವ ನೂರಾರು ವರ್ಕ್‌ಶಾಪುಗಳು ಭೋಸರಿಯ ಶೆಡ್ಡುಗಳಲ್ಲಿದ್ದವು. ಅಂಥ ಒಂದರಲ್ಲಿ ಹೆಲ್ಪರ್ ಆಗಿ ಸೇರಿ ಅಪ್ಪ ಟರ್ನರ್ ಆದರು. ಅವರು ಮೊದಲು ಕೈಯಿಟ್ಟ ಲೇಥ್ ಹರಿಹರದ ಮೈಸೂರ್ ಕಿರ್ಲೋಸ್ಕರದ್ದು. ಮಶೀನಿನ ಮೈಮೇಲೆ ಉಬ್ಬಕ್ಷರದಲ್ಲಿ ಹರಿಹರ ಎಂದು ಇದ್ದದ್ದನ್ನು ಕಂಡು ತಮ್ಮೂರಿನವರು ಯಾರೋ ಸಿಕ್ಕ ಹಾಗಾಯಿತು ಎಂದು ಈಗಲೂ ನೆನೆಯುತ್ತಾರೆ. ಹರಿಹರಕ್ಕೂ ಇಂಡಿಗೂ ಎಷ್ಟು ದೂರ ಎಂಬ ಲೆಕ್ಕ ಪರದೇಶದಲ್ಲಿ ಯಾರಿಗೆ ಬೇಕು.

ಕಿರ್ಲೋಸ್ಕರ ಎಂದ ಮೇಲೆ ಇನ್ನೊಂದು ಮಾತು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಶುರು ಮಾಡಿದ್ದು ಬೆಳಗಾವಿಯಲ್ಲಿ, 1888ರಲ್ಲಿ, ಸೈಕಲ್ ಅಂಗಡಿಯಿಂದ. ಮಾರುವವನಾಗಿದ್ದವನು ಮಾಡುವವನಾದ, ಕಬ್ಬಿಣದ ನೇಗಿಲು ಬಂತು, 1910ರಲ್ಲಿ ಕಿರ್ಲೋಸ್ಕರವಾಡಿ ಬಂತು. ಕಬ್ಬಿಣದ ನೇಗಿಲನ್ನು ರೈತರು ಸುಲಭಕ್ಕೆ ಒಪ್ಪಲಿಲ್ಲ. ಮರದ ನೇಗಿಲಿಗೆ ಹೋಲಿಸಿದರೆ ಅದೂ ಆ ಕಾಲದ 'ಪ್ರೀಮಿಯಂ' ಮಾಲೇ.

ಅಪ್ಪನ ಕಾಲಕ್ಕೆ ಭೋಸರಿಯಲ್ಲಿ ಪ್ರೀಮಿಯಂ ಎಂದರೆ ತಪಾರಿಯಾ. 1969ರಲ್ಲಿ ಸ್ವೀಡನ್ನಿನ ತಂತ್ರಜ್ಞಾನ ತಂದು ನಾಸಿಕದಲ್ಲಿ ಕೈ ಉಪಕರಣ ಮಾಡಲು ಶುರುಮಾಡಿದ ಕಂಪನಿ ಅದು. ಹೆಲ್ಪರ್‌ಗಳ ಕೈಯಲ್ಲಿ ತೂಕದ ಪಾನಾ, ಫಿಟ್ಟರ್‌ಗಳ ಕೈಯಲ್ಲಿ ತಪಾರಿಯಾ. ಯಾರು ಯಾವ ಮಟ್ಟದ ಕೆಲಸಗಾರ ಎಂಬುದು ಪಾನಾ ನೋಡಿದರೆ ತಿಳಿಯುತ್ತಿತ್ತು. ಅಪ್ಪ ತಮ್ಮ ಮೊದಲ ತಪಾರಿಯಾ ಸೆಟ್ ತೆಗೆದುಕೊಂಡದ್ದು ಇದೇ ಅಂಗಡಿಯಲ್ಲಿ, ಈಗಿನ ಸೇಟ್‌ಜೀಯ ತಂದೆಯವರಿಂದ, ಉದ್ದರಿಯಲ್ಲಿ. ವಾರಕ್ಕೆ ಹತ್ತು ರೂಪಾಯಿ. ಗುರುವಾರ ಇಲ್ಲಿ ಕರೆಂಟು ಇಲ್ಲದ ವಾರದ ರಜೆ. ಬುಧವಾರ ಸಂಜೆ ಅಂಗಡಿಗೆ ಹೋಗಿ ಹತ್ತು ರೂಪಾಯಿ ಕೊಟ್ಟು ಕೆಂಪು ಬಟ್ಟೆಯ ಖಾತೆಪುಸ್ತಕದಲ್ಲಿ ಬರೆಸಿ ಬರುವುದು. ಆ ಸೆಟ್ಟಿನ ಪೈಕಿ ನಾಲ್ಕು ಪಾನಾ ಇವತ್ತಿಗೂ ನಮ್ಮ ಮನೆಯಲ್ಲಿವೆ. ಗ್ಯಾಸ್ ಸಿಲಿಂಡರಿನ ಪೈಪು ಬದಲಿಸುವುದರಿಂದ ಹಿಡಿದು ನನ್ನ ಮಗಳ ಸೈಕಲ್ಲಿನ ಸೀಟು ಎತ್ತರಿಸುವ ತನಕ ಅವೇ.

ಈ ಗಾಜಿನ ಕಪಾಟು ನನಗೆ ಹೊಸದಾಗಿ ಕಾಣಲಿಲ್ಲ. ಇದೇ ಕಥೆಯ ದೊಡ್ಡ ರೂಪವನ್ನು ಅಮೆರಿಕದಲ್ಲಿ ಕಂಡಿದ್ದೆ. 2017ರಿಂದ ಎರಡು ವರ್ಷ ಕಂಪನಿಯ ಕೆಲಸದ ಮೇಲೆ ಓಹಾಯೋದ ಕೊಲಂಬಸ್‌ನಲ್ಲಿದ್ದೆ. ಅಲ್ಲಿ ಗ್ಯಾರೇಜಿಗೆ ಕಾರು ಬಿಟ್ಟರೆ ಕೂಲಿಯೇ ಗಂಟೆಗೆ ನೂರು ಡಾಲರ್. ಹಾಗಾಗಿ ಸಣ್ಣಪುಟ್ಟ ಕೆಲಸ ನಾವೇ ಮಾಡಿಕೊಳ್ಳುತ್ತಿದ್ದೆವು. ಉಪಕರಣ ಬೇಕೆಂದರೆ ಎಲ್ಲರೂ ತೋರಿಸುವ ದಾರಿ ಒಂದೇ, ಹಾರ್ಬರ್ ಫ್ರೇಟ್. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಿಕ್ ಸ್ಮಿಡ್ಟ್ ಎಂಬ ಹುಡುಗ ತಂದೆಯ ಜೊತೆ ಸೇರಿ ಅಂಚೆ ಮೂಲಕ ಉಪಕರಣ ಮಾರಲು ಶುರುಮಾಡಿದ ವ್ಯಾಪಾರ. 1980ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಮೊದಲ ಅಂಗಡಿ. ಈಗ ಸಾವಿರಕ್ಕೂ ಮೀರಿ ಅಂಗಡಿಗಳಿವೆ. ನೇರವಾಗಿ ಕಾರ್ಖಾನೆಯಿಂದ ತರಿಸುವುದು, ಮಧ್ಯದಲ್ಲಿ ಯಾರನ್ನೂ ಸೇರಿಸದಿರುವುದು, ತನ್ನದೇ ಹೆಸರಿಟ್ಟು ಮಾರುವುದು, ಇಷ್ಟೇ ಅದರ ಗುಟ್ಟು. ಪತ್ರಿಕೆಯಲ್ಲಿ ಕೂಪನ್, ಕೂಪನ್ನಿಗೆ ಪುಕ್ಕಟೆ ಟಾರ್ಚು. ಒಳಗೆ ಹೋದರೆ ರಬ್ಬರಿನ ಕಮಟು ವಾಸನೆ. ಹೊರಗಿನ ದೇಶಗಳಲ್ಲಿ ತಯಾರಾದ ಮಾಲಿಗೆ ಪಿಟ್ಸ್‌ಬರ್ಗ್, ಶಿಕಾಗೊ ಎಲೆಕ್ಟ್ರಿಕ್ ಎಂದು ಅಮೆರಿಕದ ಉಕ್ಕಿನ ಊರುಗಳ ಹೆಸರು. ನಮ್ಮಲ್ಲಿ ಉಲ್ಲಾಸನಗರದ ಮಾಲಿಗೆ ಇಂಗ್ಲಿಷ್ ಹೆಸರಿಡುತ್ತಿದ್ದರಲ್ಲ, ಆ ಜಾತಿಯ ಜಾಣತನ.

ಆದರೆ ಆ ಅಂಗಡಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ರೂಢಿ ಇತ್ತು. ಅಲ್ಲಿನ ಕೈ ಉಪಕರಣಕ್ಕೆ ಜೀವಮಾನದ ವಾರಂಟಿ. ಮುರಿದ ರ‍್ಯಾಚೆಟ್ ಹಿಡಿದು ಹೋದರೆ ಕಪಾಟಿನಿಂದ ಹೊಸದು ತೆಗೆದುಕೊಟ್ಟು ಕಳಿಸುತ್ತಾರೆ. ಹದಿನೈದು ಡಾಲರಿನೊಳಗಿನ ಸಾಮಾನಿಗೆ.

2018ರಲ್ಲಿ ಅದೇ ಅಂಗಡಿಯಲ್ಲಿ ಐಕಾನ್ ಎಂಬ ಹೊಸ ಸಾಲು ಬಂತು. ಅದಕ್ಕೂ ಸ್ವಲ್ಪ ಮೊದಲೇ ಪವರ್ ಟೂಲ್‌ಗಳಲ್ಲಿ ಬಾವರ್, ಹರ್ಕ್ಯುಲಿಸ್ ಎಂಬ ಮೇಲಿನ ದರ್ಜೆಯ ಹೆಸರುಗಳು ಬಂದಿದ್ದವು. ಐಕಾನ್ ಮಾತ್ರ ಬೇರೆ ಥರ. ಬೆಲೆಚೀಟಿಯಲ್ಲೇ ಸ್ನ್ಯಾಪ್-ಆನ್ ಜೊತೆ ಹೋಲಿಸಿ ನೋಡಿ ಎಂದು ಬರೆದಿದ್ದರು. ನಮ್ಮೂರಲ್ಲಿ ಖಾನಾವಳಿಯವನು ತನ್ನ ಬೋರ್ಡಿನ ಮೇಲೆ ಪಂಚತಾರಾ ಹೋಟೆಲಿನ ರೇಟು ಬರೆದು ಪಕ್ಕದಲ್ಲಿ ತನ್ನದನ್ನು ಬರೆದರೆ ಹೇಗಿರುತ್ತದೆ, ಹಾಗೆ. ಕೂಪನ್ನಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಯಾವ್ಯಾವ ಹೆಸರಿನ ಮಾಲಿಗೆ ಇದು ನಡೆಯುವುದಿಲ್ಲ ಎಂಬ ಪಟ್ಟಿಯೂ ಉದ್ದವಾಗತೊಡಗಿತು.

ಸ್ನ್ಯಾಪ್-ಆನ್ ಏನೆಂದು ಹೇಳದಿದ್ದರೆ ಈ ಧೈರ್ಯ ಅರ್ಥವಾಗುವುದಿಲ್ಲ. 1920ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದ ಕಂಪನಿ. ಐದು ಹಿಡಿಕೆ, ಹತ್ತು ಸಾಕೆಟ್. ಸಿಕ್ಕಿಸಿ ಬಿಚ್ಚಿ ಅದಲು ಬದಲು ಮಾಡಿಕೊಂಡರೆ ಐವತ್ತು ಪಾನಾಗಳ ಕೆಲಸ. ಈ ಒಂದು ಯುಕ್ತಿಯಿಂದ ಬೆಳೆದದ್ದು. ಅದನ್ನು ಹೆಚ್ಚಾಗಿ ಅಂಗಡಿಯಲ್ಲಿ ಮಾರುವುದಿಲ್ಲ. ವಾರಕ್ಕೊಮ್ಮೆ ವ್ಯಾನು ಗ್ಯಾರೇಜಿನ ಬಾಗಿಲಿಗೇ ಬರುತ್ತದೆ. ಮೆಕ್ಯಾನಿಕ್ ಒಳಗೆ ಹತ್ತಿ ಬೇಕಾದ್ದು ಆರಿಸಿಕೊಂಡು, ವಾರವಾರ ಕಂತು ಕಟ್ಟುತ್ತಾನೆ. ಒಂದು ರ‍್ಯಾಚೆಟ್ಟಿಗೇ ನೂರು ಡಾಲರಿಗೆ ಮೇಲೆ. ಇಪ್ಪತ್ತರ ಹುಡುಗರು ಕೆಲಸಕ್ಕೆ ಸೇರಿದ ಹೊಸದರಲ್ಲೇ ವ್ಯಾನಿನ ಸಾಲದಲ್ಲಿ ಬಿದ್ದು ವರ್ಷಗಟ್ಟಲೆ ತೀರಿಸುತ್ತಿರುತ್ತಾರೆ. ಇದನ್ನು ನನಗೆ ಹೇಳಿದ್ದು ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿದ್ದ ಒಬ್ಬ ಡೀಸೆಲ್ ಮೆಕ್ಯಾನಿಕ್. ಕೇಳುವಾಗ ನನಗೆ ಅಪ್ಪನ ಬುಧವಾರದ ಹತ್ತು ರೂಪಾಯಿ ನೆನಪಾಯಿತು. ಅವರದು ವ್ಯಾನು, ನಮ್ಮದು ಕೆಂಪು ಪುಸ್ತಕ. ಒಳ್ಳೆಯ ಪಾನಾವನ್ನು ಒಮ್ಮೆಗೇ ನಗದು ಕೊಟ್ಟು ಕೊಳ್ಳುವ ಕೆಲಸಗಾರ ಎರಡೂ ಕಡೆ ಇರಲಿಲ್ಲ.

ಆ ಮೆಕ್ಯಾನಿಕ್ ಐಕಾನ್ ರ‍್ಯಾಚೆಟ್ ಕೊಂಡ. ವ್ಯಾನಿನವನಿಗೆ ಕಾಣದಂತೆ ಕೆಳಗಿನ ಡ್ರಾಯರಿನಲ್ಲಿಡುತ್ತೇನೆ ಎಂದು ನಗುತ್ತಿದ್ದ. ಬೆಲೆ ಸ್ನ್ಯಾಪ್-ಆನ್‌ನ ಅರ್ಧಕ್ಕೂ ಕಡಿಮೆ, ಪಿಟ್ಸ್‌ಬರ್ಗಿನ ಮೂರು ಪಟ್ಟು. ಅದರಲ್ಲಿ ಏನಿದೆ ಎಂದು ಬಿಚ್ಚಿ ತೋರಿಸಿದ. ರ‍್ಯಾಚೆಟ್ಟಿನ ಒಳಗೊಂದು ಹಲ್ಲಿನ ಚಕ್ರ ಇರುತ್ತದೆ. ಹಳೆಯ ಅಗ್ಗದವುಗಳಲ್ಲಿ 36 ಹಲ್ಲು ಅಂದುಕೊಳ್ಳಿ. ಒಂದು ಹಲ್ಲು ದಾಟಲು ಹಿಡಿಕೆಯನ್ನು 10 ಡಿಗ್ರಿ ತಿರುಗಿಸಬೇಕು. 72 ಹಲ್ಲಾದರೆ 5 ಡಿಗ್ರಿ, 90 ಆದರೆ 4. ಇಂಜಿನ್ನಿನ ಸಂದಿಯಲ್ಲಿ ಕೈಯಾಡಲು ಜಾಗವೇ ಇಲ್ಲದ ಕಡೆ ಈ ನಾಲ್ಕೈದು ಡಿಗ್ರಿಯೇ ಎಲ್ಲ. ಆದರೆ ಹಲ್ಲು ಸಣ್ಣದಾದಷ್ಟೂ ಮುರಿಯುವ ಭಯ, ಹಾಗಾಗಿ ಉಕ್ಕು ಒಳ್ಳೆಯದಿರಬೇಕು, ಹದ ಹಾಕುವುದು ಸರಿಯಾಗಿರಬೇಕು. ಖರ್ಚು ಅಲ್ಲಿ. ಇನ್ನೊಂದು, ಸಾಕೆಟ್ಟಿನ ಒಳಮೈ ನಟ್ಟಿನ ಮೂಲೆಗೆ ಒತ್ತದೆ ಬದಿಯ ಚಪ್ಪಟೆಗೆ ಒತ್ತುವಂತೆ ಕೊರೆಯುವುದು. ಮೂಲೆಗೆ ಒತ್ತಿದರೆ ನಟ್ಟು ಸವೆದು ಗುಂಡಗಾಗುತ್ತದೆ. ಸ್ನ್ಯಾಪ್-ಆನ್‌ನವರು ದಶಕಗಳ ಹಿಂದೆ ಪೇಟೆಂಟ್ ಮಾಡಿಸಿದ್ದ ಈ ಉಪಾಯ ಅವಧಿ ಮುಗಿದು ಎಂದೋ ಎಲ್ಲರ ಸ್ವತ್ತಾಗಿದೆ. ತೈವಾನಿನ ತಾಯ್‌ಚುಂಗ್ ಸುತ್ತಲಿನ ಕಾರ್ಖಾನೆಗಳು ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡುತ್ತವೆ, ಯಾರ ಹೆಸರು ಬೇಕಾದರೂ ಹಾಕಿ ಕೊಡುತ್ತವೆ. ಅಂದಮೇಲೆ ಅಗ್ಗದ ಅಂಗಡಿಯವನು ಮೇಲೇರಲು ಬೇಕಿದ್ದದ್ದು ಜಾದೂ ಅಲ್ಲ. ಇನ್ನೊಂದಿಷ್ಟು ದುಡ್ಡು ಕೊಟ್ಟು ಮೇಲಿನ ದರ್ಜೆಯದನ್ನು ಮಾಡಿಸಿಕೊಳ್ಳುವ ಮನಸ್ಸು.

ಅಗ್ಗ ಎಲ್ಲಿ ನಡೆಯುವುದಿಲ್ಲ ಎಂಬುದಕ್ಕೂ ಉದಾಹರಣೆ ಅದೇ ಅಂಗಡಿಯಿಂದ ಸಿಗುತ್ತದೆ. 2020ರಲ್ಲಿ ಹಾರ್ಬರ್ ಫ್ರೇಟ್ ತನ್ನ ಪಿಟ್ಸ್‌ಬರ್ಗ್ ಹೆಸರಿನ ಜಾಕ್ ಸ್ಟ್ಯಾಂಡುಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿತು. ಕಾರನ್ನು ಎತ್ತಿ ಅದರಡಿ ಇಡುವ ಕಬ್ಬಿಣದ ಕಾಲುಗಳವು. ಅದರ ಹಲ್ಲು ಜಾರಿದರೆ ಕಾರು ಕೆಳಗೆ ಮಲಗಿದವನ ಮೇಲೆ ಬರುತ್ತದೆ. ಬದಲಿಗೆ ಕೊಟ್ಟ ಕೆಲವು ಸ್ಟ್ಯಾಂಡುಗಳನ್ನೂ ವೆಲ್ಡಿಂಗ್ ದೋಷವೆಂದು ಮತ್ತೆ ಕರೆಸಬೇಕಾಯಿತು. ಸುತ್ತಿಗೆ ಮುರಿದರೆ ಹೊಸದು ಕೊಟ್ಟರಾಯಿತು. ಎದೆಗೆ ಹೊಸದು ಎಲ್ಲಿ ಕೊಡುತ್ತಾರೆ.

ಕಡಿಮೆ ಬೆಲೆಗೆ ಹೆಸರಾದವನು ಮೇಲಕ್ಕೆ ಹೋಗುವುದು ಎಷ್ಟು ಕಷ್ಟ ಎಂಬುದನ್ನು ಪಿಂಪ್ರಿ-ಚಿಂಚವಾಡದವರಿಗೆ ಬೇರೆಯವರು ಹೇಳಬೇಕಿಲ್ಲ. ಒಂದು ಲಕ್ಷದ ಕಾರು ಎಂದು 2008ರ ಜನವರಿಯಲ್ಲಿ ತೋರಿಸಿದ ನ್ಯಾನೊದ ಎಂಜಿನಿಯರಿಂಗ್ ಬಹುಪಾಲು ನಡೆದದ್ದು ಇಲ್ಲೇ, ಪಿಂಪ್ರಿಯ ಟಾಟಾ ಮೋಟಾರ್ಸ್‌ನಲ್ಲಿ. ಎಲ್ಲಕ್ಕಿಂತ ಅಗ್ಗದ ಕಾರು ಎಂಬ ಹಣೆಪಟ್ಟಿ ಅಂಟಿದ ಮೇಲೆ ಬಿಡಿಸಲಾಗಲಿಲ್ಲ. ಆಮೇಲೆ ಬಣ್ಣ ಬದಲಿಸಿದರು, ಪವರ್ ಸ್ಟಿಯರಿಂಗ್ ಕೊಟ್ಟರು, ಜನ ಒಪ್ಪಲಿಲ್ಲ. ಆಕುರ್ಡಿಯ ಚೇತಕ್ ಕಥೆ ಬೇರೆ. 1972ರಿಂದ ಮಧ್ಯಮವರ್ಗದ ಸ್ಕೂಟರ್, ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಸ್ಕೂಟರ್. ಬಜಾಜ್ ಸ್ಕೂಟರ್ ಮಾಡುವುದನ್ನೇ ಬಿಟ್ಟು ಹತ್ತು ವರ್ಷದ ಮೇಲೆ, 2020ರ ಜನವರಿಯಲ್ಲಿ, ಅದೇ ಹೆಸರು ಬ್ಯಾಟರಿ ಹಾಕಿಕೊಂಡು ಒಂದು ಲಕ್ಷದ ಬೆಲೆಯೊಂದಿಗೆ ಬಂತು. ಮೊದಲು ಮಾರಿದ್ದು ಎರಡೇ ಊರಲ್ಲಿ, ಪುಣೆ ಮತ್ತು ಬೆಂಗಳೂರು. ಇಟ್ಟದ್ದು ದುಬಾರಿ ಕೆಟಿಎಂ ಬೈಕುಗಳ ಷೋರೂಮಿನಲ್ಲಿ. ಹೆಸರು ಹಳೆಯದು, ಹಾಕಿದ ಜಾಗ ಹೊಸದು. ಹಾರ್ಬರ್ ಫ್ರೇಟಿನವರದು ಇದರ ತಿರುವುಮುರುವು: ಅಂಗಡಿ ಹಳೆಯದು, ಹೆಸರು ಹೊಸದು.

ನನಗನಿಸುವಂತೆ ಇಲ್ಲಿ ನೋಡಬೇಕಾದ್ದು ಮೇಲಿನ ಕಪಾಟನ್ನಲ್ಲ, ಕೆಳಗಿನದನ್ನು. ಐಕಾನ್ ಬಂದ ಮೇಲೂ ಕೊಲಂಬಸ್‌ನ ಆ ಅಂಗಡಿಯಲ್ಲಿ ಪಿಟ್ಸ್‌ಬರ್ಗ್ ಪಾನಾ ಅದೇ ಸಾಲಿನಲ್ಲಿ ತೂಗುತ್ತಿತ್ತು, ಅದೇ ವಾರಂಟಿಯೊಂದಿಗೆ. ವಾರಂಟಿ ಇದ್ದದ್ದರಿಂದ ಬಡವನೂ ಕೊಂಡು ಕೆಟ್ಟೆನೆಂದುಕೊಳ್ಳುತ್ತಿರಲಿಲ್ಲ. ನಮ್ಮ ಭೋಸರಿಯ ಅಂಗಡಿಯಲ್ಲಿ ಮೇಲಿನ ಕಪಾಟು ತುಂಬುವ ಹೊತ್ತಿಗೆ ಕೆಳಗಿನದು ಖಾಲಿಯಾಯಿತು, ಉದ್ದರಿಯ ಪುಸ್ತಕ ಮುಚ್ಚಿತು. ಸೇಟ್‌ಜೀಯನ್ನು ದೂರಿ ಪ್ರಯೋಜನವಿಲ್ಲ, ಅವರು ಹೇಳಿದ ಲೆಕ್ಕ ಸುಳ್ಳಲ್ಲ.

ಇದು ನನಗೆ ಬರೀ ಯೋಚನೆಯ ವಿಷಯವಾಗಿ ಉಳಿಯದೆ ಹೋದದ್ದು ಅಕ್ಕನ ಮಗನಿಂದ. ಇಪ್ಪತ್ಮೂರು ವರ್ಷ. ಊರಲ್ಲಿ ಐಟಿಐ ಮುಗಿಸಿ ಬಂದು ನಾಲ್ಕು ವರ್ಷ ಇಲ್ಲಿ ಒಂದು ದ್ವಿಚಕ್ರ ವಾಹನದ ಸರ್ವಿಸ್ ಸೆಂಟರಿನಲ್ಲಿ ದುಡಿದ. ಈಗ ಚಿಖಲಿಯಲ್ಲಿ ಒಂದು ಗಾಳಾ ಬಾಡಿಗೆಗೆ ಹಿಡಿದು ಸ್ವಂತ ಗ್ಯಾರೇಜು ಹಾಕುತ್ತೇನೆ ಎಂದ. ಅಕ್ಕ ತನ್ನ ಎರಡು ಪಾಟ್ಲಿ ಬ್ಯಾಂಕಿನಲ್ಲಿ ಒತ್ತೆಯಿಟ್ಟು 70,000 ರೂಪಾಯಿ ಕಳಿಸಿದಳು. ಭಾವ ಇಲ್ಲ. ಆ ಪಾಟ್ಲಿಗಳನ್ನು ಬಿಟ್ಟರೆ ಆಕೆಯ ಬಳಿ ಬಂಗಾರವೂ ಇಲ್ಲ. ನಾನು ಕೊಡುತ್ತೇನೆಂದರೆ, ನಿನ್ನ ಮನೀ ಸಾಲಾ ಮೊದಲ ಮುಗಸ ಎಂದು ಬಾಯಿ ಮುಚ್ಚಿಸಿದಳು.

ಅವನು ಬರೆದು ತಂದ ಪಟ್ಟಿ ನನ್ನ ಮುಂದಿಟ್ಟ. ಬೈಕ್ ಎತ್ತುವ ಹೈಡ್ರಾಲಿಕ್ ರ‍್ಯಾಂಪ್, ಹಳೆಯದು, 22,000. ಹಳೆಯ ಕಂಪ್ರೆಸರ್ 14,000. ಕುದಳವಾಡಿಯ ಗುಜರಿಯಲ್ಲಿ ಇವೆಲ್ಲ ಇನ್ನೂ ಕಡಿಮೆಗೆ ಸಿಗುತ್ತಿದ್ದವು. 2025ರ ಫೆಬ್ರುವರಿಯಲ್ಲಿ ಪಾಲಿಕೆ ಅಲ್ಲಿನ ಶೆಡ್ಡುಗಳನ್ನು ಕೆಡವಿದ ಮೇಲೆ ಆ ದಾರಿ ಇಲ್ಲ. ಸ್ಕ್ಯಾನರ್ 15,000. ಇದು ಬೇಕೇ ಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಸಣ್ಣ ಬೈಕಿಗೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಕಿವಿಗೊಟ್ಟು ಇಂಜಿನ್ ಕೇಳಿ ರೋಗ ಹೇಳುತ್ತಿದ್ದ ಮೇಸ್ತ್ರಿಗಳೆಲ್ಲ ಈಗ ಒಂದು ಡಬ್ಬಿಯ ಪರದೆ ನೋಡಬೇಕು. ಅಲ್ಲಿಗೆ 51,000. ಉಳಿದದ್ದು 19,000. ಅದರಲ್ಲಿ 18,500 ಕೊಟ್ಟು ಗಾಜಿನ ಕಪಾಟಿನ ಆ ಸೆಟ್ ತೆಗೆದುಕೊಳ್ಳುವುದೆಂದು ಹುಡುಗ ತೀರ್ಮಾನಿಸಿಬಿಟ್ಟಿದ್ದ.

"ಮಾಮಾ, ಸರ್ವಿಸ್ ಸೆಂಟರಿನ್ಯಾಗ ನಾಕ ವರ್ಷ ಚಲೋ ಟೂಲ್ ಹಿಡದೀನ್ರಿ. ಈಗ ಫುಟ್‌ಪಾತಿನ ಪಾನಾ ಹಿಡೀಲಿಕ್ಕೆ ಕೈ ಒಲ್ಲೆ ಅಂತಾವ" ಅಂದ. ತಪ್ಪೇನಿಲ್ಲ. ಅವನ ಬಲಗೈಯ ಗೆಣ್ಣಿನ ಮೇಲೆ ಒಂದು ಗಾಯದ ಕಲೆ ಇದೆ, ಐಟಿಐ ದಿನಗಳಲ್ಲಿ ಬಾಯಿ ಅಗಲವಾದ ಪಾನಾ ಜಾರಿ ಆದದ್ದು. ಇನ್ನೊಂದು ಕಾರಣವನ್ನು ಅವನು ಹೇಳಲಿಲ್ಲ, ನನಗೆ ತಿಳಿಯಿತು. ಗ್ಯಾರೇಜಿಗೆ ಬರುವ ಗಿರಾಕಿ ಗೋಡೆಯ ಮೇಲಿನ ಉಪಕರಣ ನೋಡುತ್ತಾನೆ. ದುಬಾರಿ ಬೈಕಿನವನು ಅದನ್ನು ನೋಡಿಯೇ ಬಿಡಬೇಕೋ ಬೇಡವೋ ನಿರ್ಧರಿಸುತ್ತಾನೆ.

ಅಪ್ಪ ಕಾಟಿನ ಮೇಲೆ ಕೂತು ಕೇಳುತ್ತಿದ್ದರು. "ಮುರದರ ಏನ ಮಾಡ್ತಾನಂತ ಕೇಳಿದೇನ ಅಂವಗ?" ಅಂದರು.

ಕೇಳಿದ್ದ. ಕಂಪನಿಗೆ ಕಳಿಸಿ ತರಿಸಿಕೊಡಬೇಕು, ನಲವತ್ತೈದು ದಿನ ಹಿಡಿಯಬಹುದು ಎಂದು ಸೇಟ್‌ಜೀ ಹೇಳಿದ್ದರಂತೆ.

"ನಲವತ್ತೈದು ದಿನ ನೀ ಏನ ಹಿಡದ ಕೆಲಸ ಮಾಡ್ತಿ?"

"ಮುರಿಯೂದಿಲ್ಲ ಮುತ್ಯಾ."

"ಮುರೀಲಾರದ ಪಾನಾ ನಾ ಇನ್ನೂ ನೋಡಿಲ್ಲಪಾ. ಕಳೀಲಾರದ್ದೂ ನೋಡಿಲ್ಲ."

ಆ ರಾತ್ರಿ ನಾವು ಮೂವರೂ ಪಟ್ಟಿಯನ್ನು ಹೊಸದಾಗಿ ಬರೆದೆವು. ಬ್ರ್ಯಾಂಡು ಬಿಟ್ಟು ಕೆಲಸದಿಂದ ಶುರುಮಾಡಿದೆವು. ಬೈಕಿನಲ್ಲಿ ದಿನಕ್ಕೆ ನೂರು ಸಲ ತಿರುಗುವುದು ಎಂಟು, ಹತ್ತು, ಹನ್ನೆರಡರ ಟಿ-ಪಾನಾ; ಹದಿನಾಲ್ಕು, ಹದಿನೇಳರ ರಿಂಗ್ ಪಾನಾ. ಇವಕ್ಕೆ ತಪಾರಿಯಾ ಸಾಕು, ಕಳೆದರೆ ಯಾವ ಓಣಿಯಲ್ಲೂ ಸಿಗುತ್ತದೆ. 4,500. ಸುತ್ತಿಗೆ, ಛನ್ನಿ, ಕಾನಸು, ಗ್ರೀಸ್ ಗನ್ನು ಪುಣೆಯ ಜುನಾ ಬಜಾರಿನಿಂದ. ಬುಧವಾರ ಮತ್ತು ಭಾನುವಾರ ತುಂಬುವ ಸಂತೆ ಅದು, ಹುಡುಕುವ ಕಣ್ಣಿದ್ದರೆ ಹಳೆಯ ಇಂಗ್ಲಿಷ್ ಮಾಲೂ ಸಿಕ್ಕೀತು. 2,000. ಸ್ಕ್ರೂಡ್ರೈವರ್ ಮಾತ್ರ ಜಪಾನಿ ಅಳತೆಯದೇ ಆಗಬೇಕೆಂದು ಹುಡುಗ ಹಟ ಹಿಡಿದ, ಸರಿಯಾಗಿಯೇ ಹಿಡಿದ. ಜಪಾನಿ ವಂಶದ ಬೈಕುಗಳ ನಾಲ್ಕುಮೂಲೆ ಸ್ಕ್ರೂ ನೋಡಲು ಮಾಮೂಲಿನಂತೆಯೇ ಇದ್ದರೂ ಬೇರೆ ಅಳತೆ. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ಬಲ ಬಿಟ್ಟರೆ ಮೇಲಕ್ಕೆ ಜಾರಿ ತಲೆಯನ್ನೇ ತಿಂದುಹಾಕುತ್ತದೆ. 1,800.

ಆಮೇಲೆ ಟಾರ್ಕ್ ರೆಂಚ್. ಇದಕ್ಕೆ ದುಡ್ಡು ಹಾಕಲೇಬೇಕೆಂದು ಹೇಳಿದ್ದು ನಾನು. ಅಪ್ಪನಿಗೆ ಒಪ್ಪಿಗೆಯಿರಲಿಲ್ಲ, ಕೈಗೇ ಅಂದಾಜು ಇರಬೇಕು ಎನ್ನುವ ಕಾಲದವರು. ಆದರೆ ಅಪ್ಪನ ಕೈ ನಲವತ್ತು ವರ್ಷ ಉಕ್ಕಿನ ಮೇಲೆ ಪಳಗಿದ್ದು. ಈಗಿನ ಇಂಜಿನ್ನಿನ ತಲೆ ಅಲ್ಯೂಮಿನಿಯಂ. ಸ್ಪಾರ್ಕ್ ಪ್ಲಗ್ಗನ್ನು ಸ್ವಲ್ಪ ಹೆಚ್ಚು ಬಿಗಿದರೂ ಮರೆ ಕಿತ್ತು ಬರುತ್ತದೆ, ಆಮೇಲೆ ಕೊರೆದು ಹೊಸ ಸುರುಳಿ ಕೂಡಿಸುವ ಖರ್ಚು ಗ್ಯಾರೇಜಿನವನ ತಲೆಗೆ. ತಿಂಗಳಿಗೆ ಅಂಥದ್ದೊಂದು ಆದರೆ ರೆಂಚಿನ ಬೆಲೆ ಆರು ತಿಂಗಳಿಗೆ ಕಳೆದಂತೆಯೇ. 5,500. ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಗುರುತಿಗೆ ಸಡಿಲಿಸಿ ಇಡಬೇಕು, ವರ್ಷಕ್ಕೊಮ್ಮೆ ಅಥವಾ ಐದು ಸಾವಿರ ಸಲ ಬಳಸಿದ ಮೇಲೆ ಪರೀಕ್ಷೆ ಮಾಡಿಸಬೇಕು. ಭೋಸರಿಯಲ್ಲಿ ಅದಕ್ಕೆ ಲ್ಯಾಬುಗಳಿವೆ, ಅದೊಂದು ಈ ಊರಿನ ಅನುಕೂಲ.

ಒಟ್ಟು 13,800. ಉಳಿದದ್ದು 5,200. ಸಾಕೆಟ್ ಸೆಟ್ ಭಾರತದ್ದೇ, 3,200ಕ್ಕೆ ಸಿಕ್ಕಿತು. ಅದರ ಜೊತೆ ಬರುವ ರ‍್ಯಾಚೆಟ್ಟನ್ನು ಡಬ್ಬಿಯಲ್ಲೇ ಬಿಟ್ಟು, ಕೊನೆಯ 1,950 ರೂಪಾಯಿಗೆ 72 ಹಲ್ಲಿನ ತೈವಾನ್ ರ‍್ಯಾಚೆಟ್ ಒಂದನ್ನು ಬಿಡಿಯಾಗಿ ತರಿಸಿಕೊಡುವಂತೆ ಹುಡುಗ ಸೇಟ್‌ಜೀ ಜೊತೆ ಚೌಕಾಶಿ ಮಾಡಿದ. ಗಾಜಿನ ಕಪಾಟಿನ ಸೆಟ್ ಒಡೆಯಲು ಅವರು ಒಪ್ಪಲಿಲ್ಲ, ಬೇರೆ ಹೆಸರಿನದು ತರಿಸಿದರು. ತಾಯ್‌ಚುಂಗ್‌ನ ಯಾವ ಕಾರ್ಖಾನೆಯದೋ. ಐಕಾನ್‌ನ ದೂರದ ದಾಯಾದಿಯೇ ಇರಬಹುದು ಎಂದು ನಾನು ತಮಾಷೆ ಮಾಡಿದೆ.

ಈ ಪಟ್ಟಿ ಮಾಡುವಾಗ ನನ್ನನ್ನು ಕಾಡಿದ್ದು ಒಂದೇ. ಇಷ್ಟು ದೊಡ್ಡ ಕಾರ್ಖಾನೆಗಳ ಊರಿನಲ್ಲಿ ಕೂತು ಒಂದು ಒಳ್ಳೆಯ ರ‍್ಯಾಚೆಟ್ಟಿಗೆ ತೈವಾನಿನ ಕಡೆ ನೋಡಬೇಕೆ. ನೀತಿ ಆಯೋಗ 2025ರ ಏಪ್ರಿಲ್‌ನಲ್ಲಿ ಉಪಕರಣಗಳ ಬಗ್ಗೆಯೇ ಒಂದು ವರದಿ ತಂದಿತು. ಜಗತ್ತಿನ ಕೈ ಉಪಕರಣಗಳ ವ್ಯಾಪಾರದಲ್ಲಿ ಚೀನಾದ ಪಾಲು ಅರ್ಧದಷ್ಟು, ನಮ್ಮದು ಶೇ. 1.8, ಸುಮಾರು 60 ಕೋಟಿ ಡಾಲರ್. ಉಕ್ಕಿನ ಬೆಲೆ, ಬಡ್ಡಿ, ಸಾಗಾಟ ಎಲ್ಲ ಸೇರಿ ಚೀನಾಕ್ಕಿಂತ ನಮಗೆ ಶೇ. 14ರಿಂದ 17ರಷ್ಟು ಖರ್ಚು ಹೆಚ್ಚು ಎನ್ನುತ್ತದೆ ವರದಿ. ಹತ್ತು ವರ್ಷದಲ್ಲಿ 2,500 ಕೋಟಿ ಡಾಲರಿನ ರಫ್ತು ಗುರಿ. ಆಗಲಿ. ಜಾಲಂಧರ, ಲುಧಿಯಾನಾ, ರಾಜಸ್ಥಾನದ ನಾಗೌರ್‌ಗಳಲ್ಲಿ ಪಾನಾ, ಪಕ್ಕಡ ಬಡಿಯುವವರ ಕೈಚಳಕಕ್ಕೆ ಕೊರತೆಯಿಲ್ಲ. ಹರಿಹರದಲ್ಲಿ ಲೇಥ್ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎರಡು ದಶಕ ಮೀರಿತು, ಅದರ ಲೇಥುಗಳು ಮಾತ್ರ ಭೋಸರಿಯ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ.

ಚಿಖಲಿಯ ಗ್ಯಾರೇಜು ಶುರುವಾಗಿ ಈಗ ಮೂರು ತಿಂಗಳು. ದಿನಕ್ಕೆ ನಾಲ್ಕೈದು ಬೈಕು ಬರುತ್ತವೆ. ಭಾನುವಾರ ಬೆಳಿಗ್ಗೆ ಅಪ್ಪ ಹೋಗಿ ಅರ್ಧ ದಿನ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಟಾರ್ಕ್ ರೆಂಚಿನ ಟಕ್ ಶಬ್ದಕ್ಕೆ ಇನ್ನೂ ಮುಖ ಸಿಂಡರಿಸುತ್ತಾರಂತೆ. ಗಾಜಿನ ಕಪಾಟಿನ ಸೆಟ್ ನೋಡಿ ಬರಲು ಹುಡುಗ ಆಗಾಗ ಭೋಸರಿಗೆ ಹೋಗುತ್ತಾನೆ. ಬೆಲೆ ಈಗ 19,200 ಆಗಿದೆಯಂತೆ. ಬ್ಯಾಂಕಿನಲ್ಲಿರುವ ಪಾಟ್ಲಿಗೆ ತಿಂಗಳ ಬಡ್ಡಿ ತಪ್ಪದೆ ಕಟ್ಟುತ್ತಿದ್ದಾನೆ. ಹೊಸ ರ‍್ಯಾಚೆಟ್ಟಿಗೆ ಏನೂ ಆಗಿಲ್ಲ. ಹತ್ತರ ಟಿ-ಪಾನಾ ಮಾತ್ರ ಹೋದ ವಾರ ಕಳೆದುಹೋಯಿತು, ರಸ್ತೆಬದಿಯಲ್ಲಿ ಅರವತ್ತು ರೂಪಾಯಿ ಕೊಟ್ಟು ಇನ್ನೊಂದು ತಂದ.